ಗುಡುಗು ಕೇಳಿ ಇಳಿದು ಬಂದವರು ಪುಕ್ಕಲರಲ್ಲ

ನಿನ್ನೆ ಮುಳ್ಳಯ್ಯನಗಿರಿಯಲ್ಲಿ ಕಂಡದ್ದರ ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದೆ ಇರಲು ಆಗುತ್ತಿಲ್ಲ.

ಮಧ್ಯಾಹ್ನ ಎರಡರ ಹೊತ್ತು. ಬಾಬಾಬುಡನ್‌ಗಿರಿ ಕಡೆ ಮೋಡ ಕಪ್ಪುಗಟ್ಟಿತ್ತು. ನಾನು ಬೆಳಗಿನ ಓಟ ಮುಗಿಸಿ, ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸುವ ಜಾಗದಲ್ಲಿದ್ದೆ. ಅಲ್ಲೊಂದು ಗುಂಪು ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿತ್ತು. ಎಲ್ಲರೂ ಮುಂದಿನ ತಿಂಗಳ ಅಲ್ಟ್ರಾಗೆ, ಅಂದರೆ ಮ್ಯಾರಥಾನ್‌ಗಿಂತ ಉದ್ದದ ಓಟಕ್ಕೆ, ತಯಾರಾಗುತ್ತಿರುವವರು. ಶಾರ್ಟ್ಸ್, ತೆಳು ಟೀ ಶರ್ಟ್, ಸೊಂಟದಲ್ಲಿ ಪುಟ್ಟ ಬಾಟಲಿ. ಒಬ್ಬರ ಹತ್ತಿರವೂ ಜಾಕೆಟ್ ಇಲ್ಲ. ಮೊದಲ ಗುಡುಗು ಬಂತು. ನಾಲ್ಕು ಹನಿ ಬಿತ್ತು. ಆಮೇಲೆ ಆಲಿಕಲ್ಲು. ಇಬ್ಬರು ಹುಡುಗರು ನಿಂತರು. ಗುಂಪಿನ ಹಿರಿಯರು ಕೂಗಿದರು: "ನಿಲ್ಬೇಡಿ! ಇನ್ನೂ ಎರಡು ಸುತ್ತು ಬಾಕಿ ಇದೆ. ರೇಸ್ ದಿನ ಮಳೆ ನಿಮ್ಮನ್ನ ಕೇಳಿ ಬರುತ್ತಾ? ಹೆದರೋರು ಮನೇಲೇ ಇರಿ."

ಹುಡುಗರು ತಲೆ ತಗ್ಗಿಸಿ ಮತ್ತೆ ಹತ್ತಿದರು. ಮಿಂಚುತ್ತಿರುವ ಗಿರಿಯ ತುದಿಗೆ!

ಸ್ವಲ್ಪ ಹೊತ್ತಿಗೆ ಒಬ್ಬಳು ಹುಡುಗಿ ಇಳಿದು ಬಂದಳು. ತುಟಿ ನೀಲಿಯಾಗಿತ್ತು. ಕೈಯಲ್ಲಿ ಕಡಲೆ ಚಿಕ್ಕಿಯ ಪೊಟ್ಟಣ. ಅದನ್ನು ಹರಿಯಲು ಬೆರಳು ಬಗ್ಗುತ್ತಿರಲಿಲ್ಲ. ಹಲ್ಲಲ್ಲಿ ಕಚ್ಚಿ ಎಳೆದಳು, ಆಗಲೂ ಆಗಲಿಲ್ಲ. ಹೆಸರು ಕೇಳಿದರೆ ಮಾತು ತೊದಲುತ್ತಿತ್ತು. ಪಕ್ಕದ ಬೊಲೆರೊ ಡ್ರೈವರ್ ಬಾಗಿಲು ತೆಗೆದು, "ಹತ್ತಮ್ಮ, ಮೊದ್ಲು ಒಳಗೆ ಕೂತ್ಕೊ" ಅಂದರು. ಒದ್ದೆ ಶರ್ಟ್ ತೆಗೆಸಿ ನನ್ನ ಒಣ ಸ್ವೆಟರ್, ಅದರ ಮೇಲೆ ಜಾಕೆಟ್ ಹಾಕಿಸಿದೆ. ನಡುಕ ನಿಲ್ಲಲು ತುಂಬಾ ಹೊತ್ತು ಹಿಡಿಯಿತು. ಆಗ ಅವಳು ನನ್ನನ್ನು ಕೇಳಿದ ಮೊದಲ ಮಾತು: "ಅಕ್ಕಾ, ಸರ್ ಬೈತಾರಾ?"

ಆ ಪ್ರಶ್ನೆಗೇ ನನಗೆ ಹೊಟ್ಟೆ ಉರಿದದ್ದು. ಚಳಿಗಲ್ಲ, ಸಿಡಿಲಿಗಲ್ಲ, ಆ ಮಗು ಹೆದರಿದ್ದು ಬೈಗುಳಕ್ಕೆ.

ನಾನು ಮಳೆ ಕಂಡರೆ ಒಳಗೆ ಸೇರಿಕೊಳ್ಳುವವಳಲ್ಲ ಅಂತ ನಿಮಗೆಲ್ಲ ಗೊತ್ತು. ಕೊಪ್ಪದ ಮಳೆಯಲ್ಲೇ ಬೆಳೆದವಳು. ಅಶ್ವಿನಿ, ಭರಣಿ ಮಳೆ ಬಿದ್ದು ಮಣ್ಣು ಘಮ್ಮೆನ್ನುವಾಗ ತೋಟದ ದಾರಿಯಲ್ಲಿ ಓಡುವ ಖುಷಿ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಆದರೆ ನಮ್ಮಜ್ಜ ಕಂಬಳಿಕೊಪ್ಪೆ ಇಲ್ಲದೆ ಮಳೆಯಲ್ಲಿ ಗದ್ದೆಗೆ ಇಳಿದದ್ದು ನಾನು ಕಂಡಿಲ್ಲ. ಅವರನ್ನು ಯಾರಾದರೂ ಪುಕ್ಕಲ ಅಂದಿದ್ದಾರಾ? ಮಳೆಯಲ್ಲೇ ಬದುಕಿದವರು ಮಳೆಗೆ ಮರ್ಯಾದೆ ಕೊಡುತ್ತಾರೆ.

ರೇಸ್ ದಿನವೂ ಮಳೆ ಬರಬಹುದು, ಅಭ್ಯಾಸ ಬೇಡವಾ ಅಂತ ಕೇಳುತ್ತೀರಿ. ಬೇಕು, ಖಂಡಿತ ಬೇಕು. ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು ಮಾಡಬೇಕು. ಕೆಸರು ಮೆತ್ತಿದ ಶೂ ಎಷ್ಟು ಭಾರ ಅಂತ ಕಾಲಿಗೆ ಗೊತ್ತಾಗಬೇಕು. ಓಡುತ್ತಲೇ ಜಾಕೆಟ್ ಹಾಕಿ ತೆಗೆಯಲು ಬರಬೇಕು. ಅದನ್ನೆಲ್ಲ ಕೆಳಗಿನ ಎಸ್ಟೇಟ್ ರಸ್ತೆಯಲ್ಲಿ ಕಲಿಯಬಹುದು. ಸಿಡಿಲಿಗೆ ಯಾವ ಅಭ್ಯಾಸ ಮಾಡುತ್ತೀರಿ? 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲು ಬಡಿದು ಸತ್ತವರು 2,800ಕ್ಕೂ ಜಾಸ್ತಿ. ಅವರಲ್ಲಿ ಗದ್ದೆಯಲ್ಲಿ ದುಡಿಯುತ್ತಿದ್ದ ಗಟ್ಟಿಮುಟ್ಟಾದ ಜನ ಎಷ್ಟೋ ಮಂದಿ. ಮನೋಬಲ ಕಡಿಮೆಯಾಗಿ ಸತ್ತರಾ ಅವರು?

ಚಳಿಯ ಮಾತೂ ಅಷ್ಟೇ. 2021ರ ಮೇ 22ರಂದು ಚೀನಾದ ಗನ್ಸು ಪ್ರಾಂತ್ಯದಲ್ಲಿ 100 ಕಿಲೋಮೀಟರ್ ಬೆಟ್ಟದ ಓಟ ನಡೆಯಿತು. ಓಡಿದವರು 172 ಮಂದಿ. ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ, ಮಳೆ, ಆಲಿಕಲ್ಲು. ಎತ್ತರದ ಏರಿನಲ್ಲಿದ್ದವರ ಮೈ ಸೆಟೆದುಹೋಯಿತು. 21 ಮಂದಿ ಸತ್ತರು. ಅವರಲ್ಲಿ ಲಿಯಾಂಗ್ ಜಿಂಗ್ ಕೂಡ ಒಬ್ಬರು. ಅಲ್ಲಿನ ಅಲ್ಟ್ರಾ ಓಟಗಾರರಲ್ಲೇ ದೊಡ್ಡ ಹೆಸರು! ಗಾಳಿ ತಡೆಯುವ ಜಾಕೆಟ್ ಆ ಓಟದಲ್ಲಿ ಕಡ್ಡಾಯವಾಗಿರಲಿಲ್ಲ, ತಂದರೆ ಒಳ್ಳೆಯದು ಅಂತ ಮಾತ್ರ ಇತ್ತು. ಆರು ಜನರನ್ನು ಒಬ್ಬ ಕುರಿ ಕಾಯುವವರು ತಮ್ಮ ಗುಹೆಗೆ ಕರೆದುಕೊಂಡು ಹೋಗಿ ಬೆಂಕಿ ಹಾಕಿ ಬದುಕಿಸಿದರು. ಯುರೋಪಿನ ಮಾಂಟ್ ಬ್ಲಾಂಕ್ ಪರ್ವತ ಸುತ್ತುವ ಯುಟಿಎಂಬಿ ಓಟವನ್ನೇ 2010ರಲ್ಲಿ ಹವಾಮಾನ ಕೆಟ್ಟಿತು ಅಂತ ಶುರುವಾದ ಮೇಲೆ ನಿಲ್ಲಿಸಿದ್ದರು. ಬೆಟ್ಟದ ಓಟಗಳಲ್ಲೇ ಅಷ್ಟು ಹೆಸರಾದ ಓಟವೇ ನಿಲ್ಲಬಹುದು, ನಮ್ಮ ಭಾನುವಾರದ ಎರಡು ಸುತ್ತು ನಿಲ್ಲಬಾರದಾ?

ಇಲ್ಲಿ ಏಪ್ರಿಲ್, ಮೇ ತಿಂಗಳ ಮಳೆಗೆ ಒಂದು ರೀತಿ ಇದೆ. ಬೆಳಗ್ಗೆ ಶುಭ್ರ ಬಿಸಿಲು. ನೆಲ ಕಾದ ಮೇಲೆ ಮೋಡ ಏರುತ್ತದೆ. ಮಧ್ಯಾಹ್ನದಿಂದ ಸಂಜೆಯೊಳಗೆ ಗುಡುಗು. ಗುಂಪು ಕರೆದುಕೊಂಡು ಹೋಗುವವರಿಗೆ ಇಷ್ಟಾದರೂ ಗೊತ್ತಿರಬೇಕಲ್ವಾ? ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ. ಕಟ್ಟಡದೊಳಗೆ ಹೋಗಿ, ಇಲ್ಲವೇ ಮುಚ್ಚಿದ ಕಾರಿನೊಳಗೆ. ಒಂಟಿ ಮರದ ಕೆಳಗೆ ಬೇಡ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಸಿಡಿಲಿನ ಎಚ್ಚರಿಕೆ ಕೊಡುವ, ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಪುಕ್ಕಟೆ ಸಿಗುತ್ತದೆ, ಫೋನಿನಲ್ಲಿ ಇರಲಿ.

ಆ ಹಿರಿಯರ ಹತ್ತಿರ ಹೋಗಿ ಮಾತಾಡಿದೆ. "ಮೇಡಂ, ಇವರನ್ನ ಗಟ್ಟಿ ಮಾಡ್ತಿದ್ದೀನಿ" ಅಂದರು. ಗಟ್ಟಿ ಮಾಡುವುದು ಅಂದರೆ ನಿಂತವರಿಗೆ ಅವಮಾನ ಮಾಡುವುದಲ್ಲ. ಎಲ್ಲರೂ ಮೇಲೆ ಹೋಗುವಾಗ ಒಬ್ಬಳೇ ಇಳಿದು ಬರಲು ಎಷ್ಟು ಧೈರ್ಯ ಬೇಕು ಯೋಚಿಸಿ. ಆ ಗುಂಪಿನಲ್ಲಿ ನಿಜವಾಗಿ ಗಟ್ಟಿ ಇದ್ದವಳು ಅವಳೇ.

ಮುಂದಿನ ಭಾನುವಾರ ನಾನು ಮತ್ತೆ ಹೋಗುತ್ತಿದ್ದೇನೆ. ಬೆಳಗ್ಗೆ ಐದಕ್ಕೆ ಶುರು, ಹನ್ನೊಂದಕ್ಕೆ ಎಲ್ಲರೂ ಕೆಳಗೆ. ಜಾಕೆಟ್, ಸೀಟಿ, ಒಣ ಬಟ್ಟೆ ಇಲ್ಲದವರನ್ನು ಮೇಲೆ ಕರೆದುಕೊಂಡು ಹೋಗುವುದಿಲ್ಲ. ಕೊಳ್ಳಲು ಕಷ್ಟ ಇದ್ದರೆ ಮೆಸೇಜ್ ಮಾಡಿ, ನನ್ನ ಹತ್ತಿರ ಹೆಚ್ಚಿಗೆ ಎರಡು ಜಾಕೆಟ್ ಇವೆ. ಆ ಹುಡುಗಿಗೂ ಹೇಳಿದ್ದೇನೆ, ಬರುತ್ತೇನೆ ಅಂದಿದ್ದಾಳೆ.