ಗೊತ್ತಿಲ್ಲ ಅಂದೋನೇ ಜಾಣ

ಅಮೆರಿಕಾದಲ್ಲಿ 1978ಕ್ಕಿಂತ ಮುಂಚೆ ಕಟ್ಟಿದ ಮನೆ ಮಾರೋಕೆ ಹೊರಟ್ರೆ ಒಂದು ಫಾರ್ಮ್ ತುಂಬ್ಬೇಕು. ಬಣ್ಣದಲ್ಲಿ ಸೀಸ, ಅಂದ್ರೆ ಲೆಡ್ ಅನ್ನೋ ವಿಷ, ಇದ್ಯಾ ಅಂತಲ್ಲ ಸ್ವಾಮಿ ಅದ್ರಲ್ಲಿ ಕೇಳೋದು, ಇರೋದು ನಿಮಗೆ ಗೊತ್ತಾ ಅಂತ. ಮನೆ 1920ರದ್ದಾಗಿರ್ಲಿ, ಕಿಟಕಿ ಚೌಕಟ್ಟಿನ ಬಣ್ಣ ಹಪ್ಪಳದ ಥರ ಎದ್ದು ಉದುರ್ತಾ ಇರ್ಲಿ, 'ನಂಗೇನೂ ಗೊತ್ತಿಲ್ಲ' ಅನ್ನೋ ಬಾಕ್ಸಲ್ಲಿ ಇನಿಷಿಯಲ್ ಗೀಚಿದ್ರೆ ಮುಗೀತು. ಟೆಸ್ಟ್ ಮಾಡಿಸ್ಲೇಬೇಕು ಅಂತ 1992ರ ಫೆಡರಲ್ ಕಾನೂನು ಹೇಳೋದೇ ಇಲ್ಲ. ಆದ್ರೆ ಯಾರೋ ಪುಣ್ಯಾತ್ಮ ಕೈಯಿಂದ ದುಡ್ಡು ಹಾಕಿ ಟೆಸ್ಟ್ ಮಾಡಿಸಿದ್ನೋ, ಕೆಟ್ಟ ಅಂತ್ಲೇ ಲೆಕ್ಕ, ಆ ರಿಪೋರ್ಟನ್ನ ಕೊಳ್ಳೋರ ಕೈಗೆ ಕೊಡ್ಬೇಕು, ಬೇಕಂತ ಮುಚ್ಚಿಟ್ರೆ ನಷ್ಟದ ಮೂರರಷ್ಟು ಕಕ್ಕಬೇಕಾಗ್ಬಹುದು. ಹೀಗಿರೋವಾಗ ಯಾವ ಬುದ್ಧಿವಂತ ಟೆಸ್ಟ್ ಮಾಡಿಸ್ತಾನೆ ಹೇಳಿ!

ಕೊಳ್ಳೋರಿಗೆ ಒಂದು ಹಕ್ಕಿದೆ, ಸ್ವಂತ ಖರ್ಚಲ್ಲಿ ಪರೀಕ್ಷೆ ಮಾಡಿಸ್ಕೊಳ್ಳೋಕೆ 10 ದಿನ. ಆದ್ರೆ ಒಂದೇ ಮನೆಗೆ ನಾಲ್ಕೈದು ಆಫರ್ ಬಿದ್ದಿರೋವಾಗ 10 ದಿನ ಕೇಳಿದೋನಿಗೆ ಮನೆ ಯಾರು ಕೊಡ್ತಾರೆ, ಆ ಹಕ್ಕು ಬೇಡ ಅಂತ ಬರ್ಕೊಡೋಕೂ ಅದೇ ಫಾರ್ಮಲ್ಲಿ ಜಾಗ ಬಿಟ್ಟಿದಾರೆ. ನ್ಯೂಜೆರ್ಸಿಲಿ ಮನೆ ತಗೊಳ್ಳೋ ನಮ್ಮೋರೂ ಕಮ್ಮಿ ಇಲ್ಲ, ಬಾಗಿಲು ಪೂರ್ವಕ್ಕೇ ಇದ್ಯಾ ಅಂತ ಫೋನಲ್ಲಿ ಕಂಪಾಸ್ ಇಟ್ಕೊಂಡು ಎರಡೆರಡು ಸಲ ನೋಡ್ತಾರೆ, ಸೀಸದ ಪೇಪರಿಗೆ ಕಣ್ಮುಚ್ಚಿ ಸೈನ್.

ಇನ್ನು ರಿಪೇರಿ ರೂಲ್ಸು. 2010ರಿಂದ, ಒಂದು ರೂಮಲ್ಲಿ 6 ಚದರಡಿಗಿಂತ ಜಾಸ್ತಿ ಹಳೇ ಬಣ್ಣ ಕೆರೆಯೋ ಕಂಟ್ರಾಕ್ಟರ್ 8 ಗಂಟೆ ಟ್ರೇನಿಂಗ್ ತಗೊಂಡು ಸರ್ಟಿಫಿಕೇಟ್ ಇಟ್ಕೊಂಡಿರ್ಬೇಕು, ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸ್ಬೇಕು, ಕೊನೇಲಿ ಒದ್ದೆ ಬಟ್ಟೇಲಿ ಒರೆಸಿ ಅದನ್ನ ಒಂದು ಕಾರ್ಡಿನ ಪಕ್ಕ ಹಿಡಿದು ನೋಡ್ಬೇಕು, ಬಟ್ಟೆ ಕಾರ್ಡಿಗಿಂತ ಕಪ್ಪಾಗಿದ್ರೆ ಮತ್ತೆ ಒರೆಸು. ಒಳ್ಳೇ ರೂಲ್ಸೇ, ಇಲ್ಲ ಅನ್ನಲ್ಲ. ಆದ್ರೆ ಯಜಮಾನ್ರೇ ಭಾನುವಾರ ಬನಿಯನ್ ಹಾಕ್ಕೊಂಡು ತಾವು ವಾಸ ಇರೋ ಮನೇಲಿ ಇಡೀ ಗೋಡೆ ಉಜ್ಜಿದ್ರೆ ಇದ್ಯಾವ್ದೂ ಇಲ್ಲ! ಪಕ್ಕದಲ್ಲೇ ಅವ್ರ ಮಗು ತೆವಳ್ತಾ ಇರುತ್ತೆ, ಪುಡಿ ಕೈಗಂಟಿ ಬಾಯಿಗೆ ಹೋಗುತ್ತೆ, ಚಿಕ್ಕ ಮಕ್ಕಳ ಮಿದುಳಿಗೆ ಇಷ್ಟರ ತನಕ ಸೀಸ ಪರವಾಗಿಲ್ಲ ಅನ್ನೋ ಮಟ್ಟಾನೇ ಇಲ್ಲ ಅಂತ ಸರ್ಕಾರಿ ಡಾಕ್ಟ್ರುಗಳೇ ಹೇಳ್ತಾರೆ. ದುಡ್ಡು ತಗೊಂಡು ಎಬ್ಬಿಸಿದ ಧೂಳು ವಿಷ, ಫ್ರೀ ಆಗಿ ಎಬ್ಬಿಸಿದ್ದು ವಿಭೂತಿ ಅಂತ ಕಾಣುತ್ತೆ.

ವಿನಾಯ್ತಿಗಳ ಕಥೆ ಇನ್ನೂ ಮಜ. ಸಾಲ ಕಟ್ಟೋಕಾಗ್ದೆ ಮನೆ ಹರಾಜಿಗೆ ಬಂತಾ, ಆ ಹರಾಜಲ್ಲಿ ಫಾರ್ಮೇ ಬೇಡ. ಬ್ಯಾಂಕಿಗೆ ಕಂತು ಕಟ್ಟೋಕಾಗ್ದೋನು ಬಣ್ಣ ಮಾತ್ರ ಚೆನ್ನಾಗಿ ನೋಡ್ಕೊಂಡಿರ್ತಾನೆ ಅಂತ ನಂಬಿಕೆ ಇರ್ಬೇಕು. ಬೆಡ್‌ರೂಮ್ ಇಲ್ದಿರೋ ಸ್ಟುಡಿಯೋ, ವಯಸ್ಸಾದವ್ರಿಗೆ ಅಂತ್ಲೇ ಕಟ್ಟಿರೋ ಮನೆ, ಇವಕ್ಕೂ ವಿನಾಯ್ತಿ, ಆರು ವರ್ಷದೊಳಗಿನ ಮಗು ಅಲ್ಲಿ ವಾಸ ಇರ್ಬಾರ್ದು ಅಷ್ಟೇ. ರಜಕ್ಕೆ ಬಂದು ಕಿಟಕಿ ಹಲಗೆ ಕಚ್ಚೋ ಮೊಮ್ಮಗ ವಾಸದ ಲೆಕ್ಕಕ್ಕೆ ಬರಲ್ಲ, ಅವ್ನು ನೆಂಟ.