ಕಣ್ಣಿಲ್ಲದವರ ಕೈಗೆ ಸಿಕ್ಕ ಸೂಜಿ

ಅಕ್ಯುಪಂಕ್ಚರ್, ಅಂದರೆ ಮೈಗೆ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆಯ ಮಾತು ಬಂದಾಗೆಲ್ಲ ಯಾರಾದರೂ 'ಚೀನಾದ್ದು ಜೋರು, ಜಪಾನಿನದ್ದು ಮೆತ್ತಗೆ' ಅಂದುಬಿಡುತ್ತಾರೆ. ಸುಳ್ಳೇನಲ್ಲ. ಆದರೆ ಯಾಕೆ ಮೆತ್ತಗೆ ಅನ್ನೋದೇ ನನಗೆ ರುಚಿ.

17ನೇ ಶತಮಾನದ ಜಪಾನಿನಲ್ಲಿ ಸುಗಿಯಾಮ ವಾಇಚಿ ಅಂತ ಒಬ್ಬ ಕುರುಡ. ಸೂಜಿ ಕೈಗೆ ಹತ್ತದೆ ಗುರುವೇ ಓಡಿಸಿದನಂತೆ. ಎನೋಶಿಮಾ ದ್ವೀಪದ ಬೆಂಝೈತೆನ್ ಗುಡಿಯಲ್ಲಿ (ಬೆಂಝೈತೆನ್ ಅಂದರೆ ನಮ್ಮ ಸರಸ್ವತಿಯೇ!) ಉಪವಾಸ ಕೂತು, ವಾಪಸ್ ಬರುವಾಗ ಎಡವಿ ಬಿದ್ದ. ಕೈಗೆ ಸಿಕ್ಕಿದ್ದು ಬಿದಿರಿನ ತುಂಡು, ಒಳಗೊಂದು ಸೂಜಿಯಂಥ ಪೈನ್ ಎಲೆ. ಇದು ಐತಿಹ್ಯ, ಅಷ್ಟೇ. ಆದರೆ ಕೊಳವೆಯೊಳಗೆ ಸೂಜಿ ಇಟ್ಟು ಮೇಲಿಂದ ಬೆರಳಲ್ಲಿ ತಟ್ಟುವ ವಿಧಾನ ಬೆಳೆದದ್ದು ಅವನಿಂದಲೇ. ಸೂಜಿ ಬಾಗೋದಿಲ್ಲ, ಹಾಗಾಗಿ ಕೂದಲಿನಷ್ಟು ತೆಳುವಾದರೂ ನಡೆಯುತ್ತೆ. ಜಪಾನನ್ನು ಆಳುತ್ತಿದ್ದ ಶೋಗನ್ ತ್ಸುನಯೋಶಿಗೇ ಚಿಕಿತ್ಸೆ ಮಾಡಿದ, ಕುರುಡರಿಗೆ ಶಾಲೆ ತೆರೆದ. ಜಪಾನಿನ ಅಂಧರ ಶಾಲೆಗಳಲ್ಲಿ ಇವತ್ತಿಗೂ ಈ ವಿದ್ಯೆ ಕಲಿಸುತ್ತಾರೆ.

ಚೀನೀ ವೈದ್ಯ ನಾಲಿಗೆ ನೋಡಿ, ನಾಡಿ ಹಿಡಿದು, ಪ್ರಶ್ನೆ ಕೇಳಿ ರೋಗಕ್ಕೊಂದು ಲಕ್ಷಣಕೂಟ ಹೆಸರಿಸ್ತಾನೆ. ಸೂಜಿ ಹಾಕಿದ ಮೇಲೆ ಭಾರ, ಜೋಮು, ಸಣ್ಣ ನೋವು ಬರಲೇಬೇಕು. ಅದಕ್ಕೆ 'ದೆಛಿ' ಅಂತ ಹೆಸರು. ಜಪಾನಿನವನಿಗೆ ನಾಡಿಯ ಜೊತೆ ಹೊಟ್ಟೆ ಮುಟ್ಟಿ ನೋಡುವುದು ಮುಖ್ಯ. ಬೆರಳು ಸವರುತ್ತಾ ಹೋಗಿ ಎಲ್ಲಿ ಚರ್ಮ ಕುಗ್ಗಿದೆ, ಎಲ್ಲಿ ತೇವ, ಎಲ್ಲಿ ಗಂಟು ಅಂತ ಹುಡುಕ್ತಾನೆ. ಸೂಜಿ 0.16ರಿಂದ 0.20 ಮಿ.ಮೀ. ದಪ್ಪ. ಕೆಲವರಂತೂ ಚುಚ್ಚುವುದೇ ಇಲ್ಲ, ಬರೀ ತಾಗಿಸ್ತಾರೆ. ನೋಡಲಾಗದವರು ಕಟ್ಟಿದ ಪರಂಪರೆ ಮುಟ್ಟುವುದರಲ್ಲೇ ಪಳಗಿತು ಅಂತ ನನ್ನ ಊಹೆ.

'ಸಾಂಪ್ರದಾಯಿಕ' ಅನ್ನೋ ಪದಕ್ಕೆ ಮಾತ್ರ ಹೆಚ್ಚು ಮಣೆ ಹಾಕಬೇಡಿ. ಜಪಾನಿನ 'ಕೇಇರಾಕು ಚಿರ್ಯೋ' (ಮೈಯೊಳಗಿನ ಶಕ್ತಿಮಾರ್ಗಗಳನ್ನು ನಂಬಿದ ಸೂಜಿ ಪದ್ಧತಿ) ರೂಪ ತಳೆದದ್ದು 1940ರ ಆಸುಪಾಸು. ಚೀನಾದ ಪಠ್ಯಕ್ರಮ 1950ರ ದಶಕದ್ದು. ಇನ್ನೂ ಮಜಾ ಅಂದರೆ, 1822ರಲ್ಲಿ ಚೀನೀ ಚಕ್ರವರ್ತಿ ಈ ವಿದ್ಯೆಯನ್ನು ಅರಮನೆಯ ವೈದ್ಯಶಾಲೆಯಿಂದಲೇ ಹೊರಹಾಕಿದ್ದ. 1930ರ ದಶಕದಲ್ಲಿ ಅದಕ್ಕೆ ಮರುಜೀವ ಕೊಟ್ಟ ಚೀನೀ ವೈದ್ಯ ಚೆಂಗ್ ದಾನ್‌ಆನ್ ಕಲಿಯೋಕೆ ಹೋದದ್ದು ಜಪಾನಿಗೆ. ಮಗಳ ಮನೆಯಿಂದ ತವರಿಗೆ ಬುತ್ತಿ!

ಇದೆಲ್ಲ ಕೆಲಸ ಮಾಡುತ್ತಾ? 2007ರಲ್ಲಿ ಜರ್ಮನಿಯಲ್ಲಿ 1162 ಬೆನ್ನುನೋವಿನವರ ಮೇಲೆ ಪ್ರಯೋಗ ಪ್ರಕಟವಾಯ್ತು. ಚೀನೀ ಪದ್ಧತಿಯ ಸೂಜಿಯಿಂದ 47.6% ಜನರಿಗೆ ತಕ್ಕಮಟ್ಟಿನ ಸುಧಾರಣೆ. ಪದ್ಧತಿ ಹೇಳುವ ಚುಚ್ಚುಬಿಂದುಗಳನ್ನು ಬಿಟ್ಟು ಬೇರೆಡೆ ಮೇಲ್ಮೇಲೆ ಚುಚ್ಚಿದ 'ಸುಳ್ಳು' ಸೂಜಿಯಿಂದ 44.2%, ಮಾಮೂಲಿ ಚಿಕಿತ್ಸೆಯಿಂದ 27.4%. ಸೂಜಿಯ ಜಾಗ, ಆಳ ಅಂತೆಲ್ಲ ಮಾಡುವ ಆರ್ಭಟಕ್ಕೆ ಇದು ಪೆಟ್ಟೇ, ನಾನು ಅಲ್ಲಗಳೆಯೋಲ್ಲ. ಆದರೆ ಆ ಸುಳ್ಳು ಸೂಜಿಯನ್ನು ಜಪಾನಿನ ಹಳೇ ಕೈಯೊಬ್ಬರಿಗೆ ತೋರಿಸಿದ್ದರೆ, 'ಸ್ವಲ್ಪ ಆಳ ಆಯ್ತಲ್ಲ?' ಅಂತಿದ್ದರೋ ಏನೋ.