ಸಿಂಹಕ್ಕೆ ಗುಹೆ ಬಾಡಿಗೆಗೆ ಬೇಕಾಗಿದೆ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕ್ಲಬ್ಬು ಅಂದರೆ ಊರದೇವರು. ಗುಡಿ ಇದ್ದಲ್ಲೇ ಇರಬೇಕು, ತೇರು ಅದೇ ಬೀದಿಯಲ್ಲೇ ಹೋಗಬೇಕು, ಅಜ್ಜ ಕೂತ ಸೀಟಿನಲ್ಲೇ ಮೊಮ್ಮಗ ಕೂತು ಅದೇ ರೆಫರಿಯ ವಂಶಕ್ಕೆ ಅದೇ ಬೈಗುಳ ಬೈಯಬೇಕು. ಬಾಸ್ಕೆಟ್‌ಬಾಲ್ ಕ್ಲಬ್ಬು ಅಂದರೆ ಟೂರಿಂಗ್ ಟಾಕೀಸು. ಟೆಂಟು ಎತ್ತಿದ್ದಾರೆ ಅನ್ನುವುದು ಊರಿಗೆ ಗೊತ್ತಾಗುವುದೇ ಮುಂದಿನ ವಾರ ಪೋಸ್ಟರ್ ಕಾಣದಿದ್ದಾಗ.

ಲಂಡನ್ ಲಯನ್ಸ್ ಎಂಬ ಕ್ಲಬ್ಬನ್ನೇ ನೋಡಿ. ಇದು ಹುಟ್ಟಿದ್ದು 1977ರಲ್ಲಿ. ಹುಟ್ಟಿದ ಊರು ಲಂಡನ್ ಅಲ್ಲ, ಹುಟ್ಟುವಾಗ ಸಿಂಹವೂ ಅಲ್ಲ. ಲಂಡನ್ನಿನ ವಾಯವ್ಯಕ್ಕಿರುವ ಹೆಮೆಲ್ ಹೆಂಪ್‌ಸ್ಟೆಡ್ ಇದರ ತವರು. ಆ ಊರಿನ ಪ್ರೇಕ್ಷಣೀಯ ಸ್ಥಳ ಒಂದು ಸರ್ಕಲ್. ನಡುವೆ ಒಂದು ದೊಡ್ಡ ಸರ್ಕಲ್, ಅದರ ಸುತ್ತ ಆರು ಮರಿ ಸರ್ಕಲ್. ನಡುವಿನದನ್ನು ಎಡಗಡೆಯಿಂದಲೂ ಸುತ್ತಬಹುದು, ಬಲಗಡೆಯಿಂದಲೂ ಸುತ್ತಬಹುದು. ಕ್ಲಬ್ಬಿನ ಜಾತಕ ಬರೆದವರು ಆ ಸರ್ಕಲ್ಲಿನಲ್ಲೇ ಎಲ್ಲೋ ಕೂತು ಬರೆದಿರಬೇಕು.

ಮೊದಮೊದಲು ಇವರು ‘ರಾಯಲ್ಸ್’, ಅಂದರೆ ರಾಜಮನೆತನ. ಹೆಮೆಲ್ ರಾಯಲ್ಸ್ ಆದರು, ವಾಟ್‌ಫರ್ಡ್ ರಾಯಲ್ಸ್ ಆದರು. ಮಧ್ಯೆ ಹೆಮೆಲ್ ಅಂಡ್ ವಾಟ್‌ಫರ್ಡ್ ರಾಯಲ್ಸ್ ಅಂತ, ಮದುವೆ ಕರೆಯೋಲೆಯಲ್ಲಿ ಎರಡೂ ಬೀಗರ ಹೆಸರು ಹಾಕಿದ ಹಾಗೆ, ಎರಡೂ ಊರುಗಳನ್ನು ಹೊತ್ತುಕೊಂಡರು. 1998ರಲ್ಲಿ ರಾಜರು ಸಿಂಹಗಳಾಗಿ ಮಿಲ್ಟನ್ ಕೀನ್ಸ್‌ಗೆ ಹೋದರು. 2012ರಲ್ಲಿ ಅದೇ ಸಿಂಹಗಳು ಲಂಡನ್ನಿಗೆ ಬಂದವು. ಜೆರ್ಸಿ ಬದಲಾಯಿತು, ಬೋರ್ಡು ಬದಲಾಯಿತು, ಪ್ರೇಕ್ಷಕರು ಬದಲಾದರು. ಬದಲಾಗದೇ ಉಳಿದದ್ದು ರಿಂಗಿನ ಎತ್ತರ: 3.05 ಮೀಟರ್.

ಇಷ್ಟು ಸಲೀಸಾಗಿ ಗಂಟುಮೂಟೆ ಕಟ್ಟಲು ಕಾರಣವಿದೆ. 1987ರಲ್ಲಿ ಶುರುವಾದ ಬ್ರಿಟಿಷ್ ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಸೀಟು ಸಿಗುತ್ತಿದ್ದುದು ಊರಿಗಲ್ಲ, ಫ್ರಾಂಚೈಸಿ ಹಿಡಿದವರಿಗೆ. ಗೆದ್ದರೆ ಮೇಲಿನ ದರ್ಜೆಗೆ ಬಡ್ತಿ, ಸೋತರೆ ಕೆಳಗಿನ ದರ್ಜೆಗೆ ಇಳಿತ ಎಂಬ ಫುಟ್‌ಬಾಲಿನ ಏಣಿ ಇಲ್ಲಿರಲಿಲ್ಲ. ಫ್ರಾಂಚೈಸಿ ಎಂಬುದು ಬಸ್ಸಿನ ಪರ್ಮಿಟ್ಟಿನಂತೆ, ಒಡೆಯ ಹೋದಲ್ಲಿಗೆ ಹೋಗುತ್ತದೆ. ಇನ್ನು ಹಾಲ್ ಕ್ಲಬ್ಬಿನದಲ್ಲ, ಸಾಮಾನ್ಯವಾಗಿ ನಗರ ಕೌನ್ಸಿಲ್ಲಿನದು. ಆಟದ ದಿನ ಪಾರ್ಕಿಂಗಿನ ದುಡ್ಡು, ಬಿಯರು, ಚಿಪ್ಸಿನ ದುಡ್ಡು ಹೆಚ್ಚಾಗಿ ಹಾಲ್ ನಡೆಸುವವರ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಕ್ಲಬ್ಬಿಗೆ ಉಳಿಯುವುದು ಟಿಕೆಟ್ಟು, ಜೊತೆಗೆ ಊರಿನ ಯಾರಾದರೂ ದಾನಿಯ ಹೆಸರನ್ನು ಎದೆಯ ಮೇಲೆ ಬರೆದುಕೊಳ್ಳುವ ಭಾಗ್ಯ. ಬಾಡಿಗೆ ಏರಿದರೆ, ಹಾಲ್ ಕೆಡವಿದರೆ, ದಾನಿ ಕೈಯೆತ್ತಿದರೆ ಲಾರಿ ಕರೆಸುವುದೊಂದೇ ದಾರಿ.

ಮಿಲ್ಟನ್ ಕೀನ್ಸ್ 1967ರಲ್ಲಿ ಸರ್ಕಾರ ಕಾಗದದ ಮೇಲೆ ಗೆರೆ ಎಳೆದು ಘೋಷಿಸಿದ ಹೊಸ ಊರು. ಸುಮಾರು 130 ಸರ್ಕಲ್‌ಗಳಿವೆ (ಹೆಮೆಲ್‌ನಿಂದ ಹೋದವರಿಗೆ ಮನೆಗೆ ಬಂದಂತೆಯೇ ಅನ್ನಿಸಿರಬೇಕು). ಹೆಸರಾಂತ ಹಸುಗಳೂ ಇವೆ, ಕಾಂಕ್ರೀಟಿನವು, ಹಾಲು ಕೊಡುವುದಿಲ್ಲ. ಇಲ್ಲಿ ಸಿಂಹಗಳಿಗೆ ಸಿಕ್ಕ ಮೊದಲ ಗುಹೆ ಬ್ಲೆಚ್ಲಿ ಲೀಷರ್ ಸೆಂಟರ್. ಪಿರಮಿಡ್ಡಿನ ಆಕಾರದ ಈಜುಕೊಳಕ್ಕೆ ಹೆಸರಾಗಿದ್ದ ಕಟ್ಟಡ. ಲೀಷರ್ ಸೆಂಟರ್ ಹಾಲ್ ಅಂದರೆ ನೆಲದ ಮೇಲೆ ಬ್ಯಾಡ್ಮಿಂಟನ್ನಿನ ಗೆರೆ, ವಾಲಿಬಾಲಿನ ಗೆರೆ, ನೆಟ್‌ಬಾಲಿನ ಗೆರೆ, ಐದು ಜನರ ಫುಟ್‌ಬಾಲಿನ ಗೆರೆ, ಇವೆಲ್ಲದರ ನಡುವೆ ಎಲ್ಲೋ ಬಾಸ್ಕೆಟ್‌ಬಾಲಿನ ಗೆರೆ. ಆಚೆಯಿಂದ ಎಸೆದು ಬೀಳಿಸಿದರೆ ಮೂರು ಅಂಕ ಸಿಗುವ ಗೆರೆ 6.75 ಮೀಟರ್ ದೂರದ್ದು ಅನ್ನುವುದು ನಿಯಮ. ಆಟಗಾರನ ಪಾದ ಅದರ ಮೇಲಿದೆಯೋ ಅಥವಾ ಬುಧವಾರದ ಹೆಂಗಸರ ಬ್ಯಾಡ್ಮಿಂಟನ್ ಡಬಲ್ಸ್ ಗೆರೆಯ ಮೇಲಿದೆಯೋ ಅನ್ನುವುದು ರೆಫರಿಯ ಕಣ್ಣಿನ ಪುಣ್ಯ.

ಆ ಸೆಂಟರನ್ನು ಕೆಡವಿದರು. ಆಮೇಲೆ ಸಿಂಹಗಳು ಮಿಲ್ಟನ್ ಕೀನ್ಸ್‌ನಲ್ಲಿ ಕಳೆದ ಕೊನೆಯ ದಿನಗಳು ಎಲ್ಲಿ ಗೊತ್ತೇ? ಶಾಪಿಂಗ್ ಮಾಲಿನಲ್ಲಿ. ಉತ್ಪ್ರೇಕ್ಷೆಯಲ್ಲ. ಊರ ನಡುವಿನ ಮಾಲಿನೊಳಗೆ ಮಿಡಲ್ಟನ್ ಹಾಲ್ ಅಂತ ದೊಡ್ಡ ಪ್ರದರ್ಶನಾಂಗಣವಿದೆ. ಕ್ರಿಸ್‌ಮಸ್ಸಿಗೆ ಅಲಂಕಾರ ನಿಲ್ಲಿಸುವ, ಉಳಿದ ದಿನ ಏನಾದರೂ ಪ್ರದರ್ಶನ ಇಡುವ ಜಾಗ. ಅಲ್ಲಿ ವೃತ್ತಿಪರ ಲೀಗ್ ಪಂದ್ಯ ನಡೆಯಿತು. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಉದ್ಘಾಟಿಸಿದ್ದ ಆ ಮಾಲನ್ನು 2010ರಲ್ಲಿ ಪಾರಂಪರಿಕ ಕಟ್ಟಡ ಅಂತ ಸರ್ಕಾರ ಪಟ್ಟಿಗೆ ಸೇರಿಸಿತು. ಆಟದ ಮನೆ ನೆಲಸಮ, ಅಂಗಡಿಸಾಲಿಗೆ ಪರಂಪರೆಯ ಪಟ್ಟ.

ಇಂಥ ಪ್ರದರ್ಶನಾಂಗಣದಲ್ಲಿ ಆಟ ಹೂಡುವುದು ಎಷ್ಟು ಸುಲಭ ಅಂತ ಕೇಳಿದರೆ, ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಸುತ್ತ ಎರಡೆರಡು ಮೀಟರ್ ಖಾಲಿ ಬಿಡಬೇಕು, ಇಲ್ಲವಾದರೆ ಓಡಿ ಬಂದವನು ಮೊದಲ ಸಾಲಿನವರ ತೊಡೆಯ ಮೇಲೆ. ಅಲ್ಲಿಗೆ 32ಕ್ಕೆ 19, ಅಂದರೆ 608 ಚದರ ಮೀಟರ್. ಮೇಲೆ ಕನಿಷ್ಠ ಏಳು ಮೀಟರ್ ಎತ್ತರಕ್ಕೆ ದೀಪ, ತೋರಣ, ಸಾಂತಾ ಕ್ಲಾಸಿನ ಜಿಂಕೆ ಯಾವುದೂ ಅಡ್ಡ ಬರಬಾರದು. ಕಲ್ಲಿನ ನೆಲದ ಮೇಲೆ ಆಡಿದರೆ ಮೊಣಕಾಲು ಉಳಿಯುವುದಿಲ್ಲ, ಆದ್ದರಿಂದ ಮರದ ಜೋಡಣೆ ನೆಲ ಹಾಸಬೇಕು. ನಾಲ್ಕಡಿ ಅಗಲ ಎಂಟಡಿ ಉದ್ದದ ಹಲಗೆಯಾದರೆ ಇನ್ನೂರಕ್ಕೂ ಮೇಲೆ ಬೇಕು. ಒಂದರ ಕೊಂಡಿ ಸರಿಯಾಗಿ ಕೂರದಿದ್ದರೆ ಆ ಜಾಗದಲ್ಲಿ ಚೆಂಡು ಪುಟಿಯುವುದಿಲ್ಲ, ಗೋಣಿಚೀಲದ ಹಾಗೆ ಕೂತುಬಿಡುತ್ತದೆ. ಚಳಿಗಾಲದಲ್ಲಿ ಲಾರಿಯಿಂದ ಇಳಿಸಿದ ತಣ್ಣನೆಯ ಹಲಗೆಯನ್ನು ಬೆಚ್ಚನೆಯ ಹಾಲಿನಲ್ಲಿ ಕೂಡಲೇ ಹಾಸಿದರೆ ಮೇಲೆ ಬೆವರು ಕಟ್ಟಿ ನೆಲ ಜಾರುತ್ತದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಪಾರಂಪರಿಕ ಕಟ್ಟಡ. ಹಾಗಾಗಿ ರಿಂಗು ಕೂರಿಸಿದ ಬೋರ್ಡಿಗೆ ಗಾಲಿಯ ಸ್ಟ್ಯಾಂಡೇ ಗತಿ. ಹಿಂದೆ ತಕ್ಕಷ್ಟು ಭಾರ ಹೇರದಿದ್ದರೆ ಜಿಗಿದು ಚೆಂಡನ್ನು ರಿಂಗಿಗೆ ತುರುಕಿ ಡಂಕ್ ಹೊಡೆದವನ ಜೊತೆಗೆ ಬೋರ್ಡೂ ತೂಗುತ್ತದೆ. ಲೀಗಿನ ಸೀಸನ್ನೋ, ಸರಿಯಾಗಿ ಕ್ರಿಸ್‌ಮಸ್ ವ್ಯಾಪಾರದ ಮೈಮೇಲೇ ಬೀಳುತ್ತದೆ.

ಸಿಂಹಗಳಿಗೆ ಸ್ವಂತ ಗುಹೆ ಕಟ್ಟುವ ಯೋಜನೆಯೂ ಇತ್ತು ಅನ್ನುವುದನ್ನು ಮರೆಯಬಾರದು. ಅದಕ್ಕೆ ಫುಟ್‌ಬಾಲಿನ ಕಥೆ ಬೇಕು. ವಿಂಬಲ್ಡನ್ ಎಂಬ ಲಂಡನ್ನಿನ ಫುಟ್‌ಬಾಲ್ ಕ್ಲಬ್ 2003ರಲ್ಲಿ ಮಿಲ್ಟನ್ ಕೀನ್ಸ್‌ಗೆ ಗುಳೆ ಹೊರಟಿತು. ಮರುವರ್ಷ ಹೆಸರೂ ಎಂ.ಕೆ. ಡಾನ್ಸ್ ಆಯಿತು. ದೇಶಕ್ಕೆ ದೇಶವೇ ಬಾಯಿ ಬಡಿದುಕೊಂಡಿತು. ವಿಂಬಲ್ಡನ್ನಿನ ಅಭಿಮಾನಿಗಳು ಸ್ಥಳಾಂತರಕ್ಕೆ ಒಪ್ಪಿಗೆ ಸಿಕ್ಕ ಕೂಡಲೇ, 2002ರಲ್ಲೇ, ತಮ್ಮದೇ ಬೇರೆ ಕ್ಲಬ್ ಕಟ್ಟಿಕೊಂಡರು. ಇತ್ತ ಹೊಸ ಊರಿನಲ್ಲಿ ಬೃಹತ್ ಅಂಗಡಿಗಳ ಯೋಜನೆಯ ಆಸರೆಯಲ್ಲಿ 2007ರಲ್ಲಿ ಹೊಸ ಸ್ಟೇಡಿಯಂ ತೆರೆಯಿತು. ಅದರ ಪಕ್ಕಕ್ಕೆ ಬಾಸ್ಕೆಟ್‌ಬಾಲಿಗೂ ಒಂದು ಅರೀನಾ ಅಂದರು. ಚಿಪ್ಪು ಎದ್ದಿತು. ಒಳಗಿನ ಕೆಲಸಕ್ಕೆ ದುಡ್ಡು ಬರಬೇಕಾಗಿದ್ದುದು ಪಕ್ಕದಲ್ಲಿ ಬರಬೇಕಾದ ಇನ್ನಷ್ಟು ಅಂಗಡಿಗಳಿಂದ. ಆರ್ಥಿಕ ಕುಸಿತದಲ್ಲಿ ಅಂಗಡಿ ತಡವಾಯಿತು, ಅರೀನಾ ನಿಂತಿತು. ಅದು ಕೊನೆಗೆ ಬಾಗಿಲು ತೆರೆಯುವ ಹೊತ್ತಿಗೆ ಸಿಂಹಗಳು ಲಂಡನ್ ಸೇರಿದ್ದವು.

ಒಟ್ಟು ಲೆಕ್ಕ ಹೀಗೆ: ಊರು ಲಂಡನ್ನಿನಿಂದ ಒಂದು ಫುಟ್‌ಬಾಲ್ ಕ್ಲಬ್ ತಂತು, ಲಂಡನ್ನಿಗೆ ಒಂದು ಬಾಸ್ಕೆಟ್‌ಬಾಲ್ ಕ್ಲಬ್ ಕೊಟ್ಟಿತು. ಮೊದಲನೆಯದು ರಾಷ್ಟ್ರೀಯ ಹಗರಣ. ಎರಡನೆಯದು ವಿಳಾಸ ಬದಲಾವಣೆ. ಆಗ ಕ್ಲಬ್ಬಿನ ಒಡೆಯರೂ ಕೋಚೂ ಒಬ್ಬರೇ, ವಿನ್ಸ್ ಮೆಕಾಲೆ. ನಮ್ಮ ಶಾಲೆಗಳಿಗೆ ಇಂಗ್ಲಿಷ್ ಹೇರಿದ ಮೆಕಾಲೆ ಅಲ್ಲ. ಇವರು ಹೇರಿದ್ದು ಲಾರಿಗೆ.

ಲಂಡನ್ನಿನ ಮೊದಲ ವರ್ಷ ಕ್ರಿಸ್ಟಲ್ ಪ್ಯಾಲೇಸ್ ಕ್ರೀಡಾಕೇಂದ್ರದಲ್ಲಿ. ಆ ಬಡಾವಣೆಗೆ ಹೆಸರು ಕೊಟ್ಟ ಗಾಜಿನ ಅರಮನೆಯನ್ನೂ ಮೊದಲು ಕಟ್ಟಿದ್ದು ಹೈಡ್ ಪಾರ್ಕಿನಲ್ಲಿ. ಬಿಚ್ಚಿ, ಹೊತ್ತು ತಂದು, 1854ರಲ್ಲಿ ಇಲ್ಲಿ ನಿಲ್ಲಿಸಿದ್ದು. 1936ರಲ್ಲಿ ಸುಟ್ಟುಹೋಯಿತು. ಸಂಬಂಧಿಕರ ಮನೆಗೇ ಬಂದಿಳಿದಂತಾಯಿತು.

ಮುಂದಿನ ವರ್ಷ ಒಲಿಂಪಿಕ್ ಪಾರ್ಕು. ಇಲ್ಲಿಂದ ಮುಂದಿನದನ್ನು ಬರೆಯಲು ವಿಡಂಬನಕಾರ ಬೇಕಿಲ್ಲ, ಗುಮಾಸ್ತ ಸಾಕು. 2012ರ ಒಲಿಂಪಿಕ್ಸಿಗೆ 12,000 ಸೀಟಿನ ಬಾಸ್ಕೆಟ್‌ಬಾಲ್ ಅರೀನಾ ಕಟ್ಟಿದರು. ಉಕ್ಕಿನ ಚೌಕಟ್ಟಿಗೆ ಬಿಳಿ ಪಿವಿಸಿ ಹೊದಿಸಿದ ಕಟ್ಟಡ, ತಾತ್ಕಾಲಿಕ. ಪಕ್ಕದಲ್ಲಿ ಹ್ಯಾಂಡ್‌ಬಾಲಿಗೆ ತಾಮ್ರದ ಹೊದಿಕೆಯ ಕಾಪರ್ ಬಾಕ್ಸ್, ಶಾಶ್ವತ. ಹ್ಯಾಂಡ್‌ಬಾಲಿನ ಅಂತಿಮ ಹಂತದ ಪಂದ್ಯಗಳಿಗೆ ಜನ ಹೆಚ್ಚು ಬರುತ್ತಾರೆಂದು ಅವನ್ನು ಬಾಸ್ಕೆಟ್‌ಬಾಲ್ ಅರೀನಾದಲ್ಲಿ ಆಡಿಸಿದರು. ಬಾಸ್ಕೆಟ್‌ಬಾಲಿನ ಅಂತಿಮ ಹಂತವನ್ನು ಗ್ರೀನಿಚ್ಚಿನ ಬೇರೆಯದೇ ಅರೀನಾಕ್ಕೆ ಕಳಿಸಿದರು. ಒಲಿಂಪಿಕ್ಸ್ ಮುಗಿದ ಮೇಲೆ ಬಾಸ್ಕೆಟ್‌ಬಾಲ್ ಅರೀನಾವನ್ನು ಬಿಚ್ಚಿದರು. ಆಮೇಲೆ ಬಂದ ಬಾಸ್ಕೆಟ್‌ಬಾಲ್ ಕ್ಲಬ್ಬನ್ನು ಹ್ಯಾಂಡ್‌ಬಾಲಿನ ಮನೆಯಲ್ಲಿ ಇಳಿಸಿದರು. ಲಯನ್ಸ್ ಇಂದಿಗೂ ಅಲ್ಲೇ. ಬಡಾವಣೆಯವರ ಜಿಮ್ಮೂ ಬ್ಯಾಡ್ಮಿಂಟನ್ನೂ ಅದೇ ಸೂರಿನಡಿ.

ಇದೇ ಹೊತ್ತಿಗೆ ರಾಷ್ಟ್ರೀಯ ತಂಡಕ್ಕೂ ಪ್ರಸಾದ ಸಿಕ್ಕಿತು. ಆ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಪುರುಷರು ಚೀನಾವನ್ನು ಗೆದ್ದರು, ಮುಂದೆ ಬೆಳ್ಳಿ ಗೆದ್ದ ಸ್ಪೇನಿಗೆ ಒಂದೇ ಒಂದು ಅಂಕದಿಂದ ಸೋತರು. ಡಿಸೆಂಬರಿನಲ್ಲಿ ಯುಕೆ ಸ್ಪೋರ್ಟ್ ಸಂಸ್ಥೆ ಅನುದಾನ ನಿಲ್ಲಿಸಿತು. 2013ರ ಫೆಬ್ರುವರಿಯಲ್ಲಿ ಷರತ್ತು ಹಾಕಿ ಸುಮಾರು 70 ಲಕ್ಷ ಪೌಂಡ್ ಕೊಡುತ್ತೇವೆಂದಿತು. 2014ರ ಫೆಬ್ರುವರಿಯಲ್ಲಿ ಅದನ್ನೂ ಹಿಂದಕ್ಕೆ ತೆಗೆದುಕೊಂಡಿತು. ಪದಕ ತರುವ ಲಕ್ಷಣವಿಲ್ಲ ಎಂಬುದು ಕಾರಣ. ಹನ್ನೆರಡು ಸಾವಿರ ಸೀಟು ಬಿಚ್ಚಿದ ಮೇಲೆ ಪದಕದ ಲಕ್ಷಣ ಹುಡುಕಿದರು.

ಹಾಗಿದ್ದೂ ಸಿಂಹಗಳು ಗೆದ್ದವು. 2018–19ರಲ್ಲಿ ಮೊದಲ ಲೀಗ್ ಪಟ್ಟ, ಹುಟ್ಟಿ ನಲವತ್ತು ವರ್ಷ ದಾಟಿದ ಮೇಲೆ. 2020ರಲ್ಲಿ ಅಮೆರಿಕದ ಮಯಾಮಿಯಿಂದ 777 ಪಾರ್ಟ್‌ನರ್ಸ್ ಎಂಬ ಹೂಡಿಕೆ ಕಂಪನಿಯ ರೂಪದಲ್ಲಿ ಕುಬೇರ ಇಳಿದ. ಕ್ಲಬ್ ಕೊಂಡ. ಮರುವರ್ಷ ಸುಮಾರು 70 ಲಕ್ಷ ಪೌಂಡ್ ಕೊಟ್ಟು ಇಡೀ ಲೀಗಿನಲ್ಲೇ ಶೇ. 45.5 ಪಾಲು ಹಿಡಿದ. ಆಡುವ ತಂಡವೂ ಅವನದೇ, ಆಡಿಸುವ ಅಂಗಳದಲ್ಲಿ ಹೆಚ್ಚುಕಡಿಮೆ ಅರ್ಧವೂ ಅವನದೇ. ಇದರಲ್ಲಿ ಹಿತಾಸಕ್ತಿಯ ಘರ್ಷಣೆ ಇಲ್ಲವೇ ಅಂತ ಕೇಳಿದರೆ, ಘರ್ಷಣೆಗೆ ಎರಡು ಹಿತ ಬೇಕು. ಇಲ್ಲಿದ್ದದ್ದು ಒಂದೇ. 2022–23ರಲ್ಲಿ ಲೀಗ್, ಕಪ್, ಪ್ಲೇಆಫ್ ಮೂರೂ ಲಯನ್ಸ್‌ಗೆ. ಮುಂದಿನ ವರ್ಷ ಪುರುಷರು ಯುರೋಪಿನ ಕ್ಲಬ್ಬುಗಳು ಸೆಣಸುವ ಯೂರೋಕಪ್ಪಿನ ಸೆಮಿಫೈನಲ್ ತಲುಪಿದರು. 2024ರ ಏಪ್ರಿಲ್‌ನಲ್ಲಿ ಹೆಂಗಸರ ತಂಡ ಟರ್ಕಿಯ ಬೆಶಿಕ್ತಾಶ್ ಕ್ಲಬ್ಬನ್ನು ಸೋಲಿಸಿ ಹೆಂಗಸರ ಯೂರೋಕಪ್ಪನ್ನೇ ಎತ್ತಿತು. ಬ್ರಿಟನ್ನಿನ ಯಾವ ಕ್ಲಬ್ಬೂ ಮಾಡದ ಸಾಧನೆ.

ಕಪ್ಪಿಗೆ ಕುಂಕುಮ ಇಡುವಷ್ಟರಲ್ಲಿ ಕುಬೇರನ ಪೆಟ್ಟಿಗೆ ಬಾಯಿ ತೆರೆಯಿತು. ಅದೇ ಏಪ್ರಿಲ್ ಕೊನೆಗೆ ಅವನು ಸಾಕಿದ್ದ ಆಸ್ಟ್ರೇಲಿಯಾದ ಬೊನ್ಜಾ ವಿಮಾನ ಸಂಸ್ಥೆ ನೆಲಕ್ಕಿಳಿಯಿತು. ಮೇ ತಿಂಗಳಲ್ಲಿ ಲಂಡನ್ನಿನ ಲೆಡನ್‌ಹಾಲ್ ಎಂಬ ಸಾಲ ಕೊಟ್ಟ ಸಂಸ್ಥೆ ನ್ಯೂಯಾರ್ಕಿನಲ್ಲಿ ಮೊಕದ್ದಮೆ ಹೂಡಿತು. ಅಡ ಇಟ್ಟದ್ದರಲ್ಲಿ 35 ಕೋಟಿ ಡಾಲರಿಗೂ ಹೆಚ್ಚಿನ ಆಸ್ತಿ ಒಂದೋ ಇವನದಲ್ಲ, ಇಲ್ಲವೇ ಆಗಲೇ ಬೇರೆಯವರಿಗೆ ಅಡ ಇಟ್ಟದ್ದು ಎಂಬುದು ಆರೋಪ. ಮಯಾಮಿಯವರು ಅಲ್ಲಗಳೆದರು. ಜೂನ್ ಹುಟ್ಟುವಾಗ ಎವರ್ಟನ್ ಫುಟ್‌ಬಾಲ್ ಕ್ಲಬ್ ಕೊಳ್ಳುವ ವ್ಯವಹಾರವೂ ಮುರಿದುಬಿತ್ತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಾರಲ್ಲ, ಇಲ್ಲಿ ಯಾರು ಯಾರಿಗೆ ಕೊಟ್ಟರು ಅನ್ನುವುದನ್ನೇ ಕೋರ್ಟು ಹೇಳಬೇಕು.

ಲೀಗಿನ ಕಂಬವೇ ಅಲುಗಾಡಿತಲ್ಲ, ಬ್ರಿಟಿಷ್ ಬಾಸ್ಕೆಟ್‌ಬಾಲ್ ಫೆಡರೇಷನ್ ಜೂನ್‌ನಲ್ಲಿ ಲೀಗಿನ ಲೈಸೆನ್ಸ್ ಕಿತ್ತುಕೊಂಡಿತು. 37 ವರ್ಷದ ಲೀಗು ಒಂದು ಪತ್ರಕ್ಕೆ ಮುಗಿಯಿತು. ಬೇಸಿಗೆಯಲ್ಲೇ ಕ್ಲಬ್ಬುಗಳು ಸೇರಿ ಸೂಪರ್ ಲೀಗ್ ಬಾಸ್ಕೆಟ್‌ಬಾಲ್ ಕಟ್ಟಿಕೊಂಡವು, ಒಂಬತ್ತು ತಂಡ. ಹಳೆಯ ಮುಖಗಳೇ, ಕೆಲವರ ಬೋರ್ಡು ಮಾತ್ರ ಹೊಸದು. ಮ್ಯಾಂಚೆಸ್ಟರಿನವರು ‘ಜಯಂಟ್ಸ್’ ಎಂಬ ಹೆಸರು ಕಳಚಿ ‘ಮ್ಯಾಂಚೆಸ್ಟರ್ ಬಾಸ್ಕೆಟ್‌ಬಾಲ್’ ಅಂತಷ್ಟೇ ಬರೆದುಕೊಂಡರು. ಆಟದ ಹೆಸರನ್ನಾದರೂ ಯಾರೂ ಕಿತ್ತುಕೊಳ್ಳಲಾರರು ಎಂಬ ಧೈರ್ಯವಿರಬೇಕು. 2025ರಲ್ಲಿ ಫೆಡರೇಷನ್ನು ಮುಂದಿನ 15 ವರ್ಷದ ಲೈಸೆನ್ಸಿಗೆ ಇನ್ಯಾವುದೋ ಹೂಡಿಕೆದಾರರ ಗುಂಪನ್ನು ಆರಿಸಿತು. ಕ್ಲಬ್ಬುಗಳು ಒಪ್ಪಲಿಲ್ಲ, ಜಗಳ ವಕೀಲರ ಮನೆ ಸೇರಿತು. ಲೈಸೆನ್ಸ್ ಸಿಕ್ಕವರ ಹತ್ತಿರ ತಂಡವಿರಲಿಲ್ಲ, ತಂಡ ಇದ್ದವರಿಗೆ ಲೈಸೆನ್ಸ್ ಸಿಗಲಿಲ್ಲ.

ಸಿಂಹಗಳನ್ನು 2024ರಲ್ಲೇ, ಆಷಾಢ ಕಳೆದ ಮೇಲೆ, ಕೊಂಡವರು ಲಿಥುವೇನಿಯಾದ ಟೆಸೊನೆಟ್ ಎಂಬ ತಂತ್ರಜ್ಞಾನ ಸಮೂಹ. ಅಲ್ಲಿ ಬಾಸ್ಕೆಟ್‌ಬಾಲ್ ಎರಡನೇ ಧರ್ಮ, ಆಟ ತಿಳಿದವರೇ ಬಂದಿದ್ದಾರೆ. ಈ ಟೆಸೊನೆಟ್ ಸ್ಥಾಪಕರೇ ಕಟ್ಟಿದ ಇನ್ನೊಂದು ಉದ್ಯಮ ನಾರ್ಡ್ ವಿಪಿಎನ್. ನೀವು ಕೂತಿರುವುದು ಒಂದು ಊರಿನಲ್ಲಿ, ಜಗತ್ತಿಗೆ ಕಾಣಿಸುವುದು ಇನ್ನೊಂದು ಊರಿನಲ್ಲಿ, ಅದು ಆ ಸಾಫ್ಟ್‌ವೇರಿನ ಕೆಲಸ. ಅದು ಬರುವುದಕ್ಕೆ ಎಷ್ಟೋ ಮುಂಚೆ, ಲಾರಿಯಲ್ಲಿ, ಕೈಯಾರೆ ಈ ಕೆಲಸ ಮಾಡಿದವರನ್ನೇ ಅವರು ಹುಡುಕಿ ಕೊಂಡಿದ್ದಾರೆ.